ಒಡೆದ ಮನೆಯಲ್ಲಿ ಆಟ: ಸ್ಪೇನದ ಒಂದು ಯುದ್ಧಚಿತ್ರವೂ ನಮ್ಮ ಸೀಮೆಯ ಪಾರಿಜಾತವೂ

ಒಂದು ಹೂವಿನಿಂದ ಒಂದು ಮನೆ ಎರಡಾದ ಕತೆಯನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಗೃಹಸ್ಥರಿಗೆ ನಾವು ಹೊಸದಾಗಿ ಹೇಳಬೇಕಾಗಿಲ್ಲ. ಪಾರಿಜಾತವು ರುಕ್ಮಿಣಿಯ ಪಾಲಾಯಿತು. ಸತ್ಯಭಾಮೆಯ ಮನೆಯ ಬಾಗಿಲು ಮುಚ್ಚಿತು. ದೂತಿಯು ಅತ್ತಿಂದಿತ್ತ ತಿರುಗಿ ಕಾಲು ಸವೆಸಿದಳು. ಜಗತ್ತಿಗೆಲ್ಲ ಒಡೆಯನಾದವನು ಮುನಿದ ಮಡದಿಯನ್ನು ಒಲಿಸಲಿಕ್ಕೆ ಪಡಬಾರದ ಪಾಡು ಪಟ್ಟನು. ಅಪರಾಳ ತಮ್ಮಣ್ಣನ ಈ ಕೃತಿಯನ್ನು ಆಟಕ್ಕೆ ಹೊಂದಿಸಿ ಊರೂರಿಗೆ ಮುಟ್ಟಿಸಿದ ಕೀರ್ತಿ ಕುಲಗೋಡ ತಮ್ಮಣ್ಣನದು. ಅವನ ಕುಲಗೋಡವು ಮೊದಲು ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿದೆ. ಪಾರಿಜಾತದ ಆಟದಿಂದಲೇ ಮನೆಮಾತಾದ ಕೌಜಲಗಿ ನಿಂಗಮ್ಮನ ಊರೂ ಅದಕ್ಕೆ ದೂರವಿಲ್ಲ.

ಈ ಆಟದ ಸೊಗಸು ಅದರ ಕೊನೆಯಲ್ಲಿದೆ. ಇರುಳೆಲ್ಲ ಜಗಳವಾಡಿದ ಮನೆ ಬೆಳಗಾಗುವಷ್ಟರಲ್ಲಿ ಒಂದಾಗುತ್ತದೆ. ನೋಡಲು ಬಂದ ಹೆಂಗಸರು ಕಂಬಳಿ ಕೊಡವಿಕೊಂಡು, ಮಲಗಿದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು, ನಗುನಗುತ್ತ ಮನೆಗೆ ಹೋಗುತ್ತಾರೆ. ಆದರೆ ಒಡೆದದ್ದು ಒಂದು ಮನೆಯಲ್ಲ, ಒಂದು ದೇಶವೇ ಎಂದಾದರೆ? ಜಗಳದ ನಡುವೆ ಓಡಾಡುವ ದೂತಿಯ ಕೈಯಲ್ಲಿ ಹೂವಿನ ಸುದ್ದಿಯ ಬದಲು ಒಂದು ಪಕ್ಷದ ಬಾವುಟವಿದ್ದರೆ? ಆಗ ಆಟಗಾರರ ಗತಿಯೇನು? ಇದನ್ನೇ ವಿಷಯವಾಗಿ ಇಟ್ಟುಕೊಂಡು ಸ್ಪೇನ ದೇಶದಲ್ಲಿ 1990ರಲ್ಲಿ ಒಂದು ಚಿತ್ರಪಟವು ತಯಾರಾಯಿತು. ಅದರ ಹೆಸರು ‘ಆಯ್ ಕಾರ್ಮೆಲಾ’. ನಮ್ಮ ಮಾತಿನಲ್ಲಿ ‘ಅಯ್ಯೋ ಕಾರ್ಮೆಲಾ’ ಎಂದಂತೆ. ಬಯಲಾಟದ ನಾಡಿನವರಾದ ನಾವು ಈ ಚಿತ್ರವನ್ನು ಪರಕೀಯರಂತೆ ನೋಡಬೇಕಾದ ಕಾರಣವಿಲ್ಲವೆಂದು ತೋರಿದ್ದರಿಂದ ಅದರ ವಿಚಾರವನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಯುದ್ಧದ ಹಿನ್ನೆಲೆ

ಚಿತ್ರದ ಕತೆ ತಿಳಿಯಬೇಕಾದರೆ ಆ ಯುದ್ಧದ ವೃತ್ತಾಂತವನ್ನು ಸ್ವಲ್ಪದರಲ್ಲಿ ಅರಿಯತಕ್ಕದ್ದು. 1931ರಲ್ಲಿ ಸ್ಪೇನದ ಅರಸನು ದೇಶ ಬಿಟ್ಟುಹೋಗಲು ಅಲ್ಲಿ ಪ್ರಜಾರಾಜ್ಯವು ಸ್ಥಾಪಿತವಾಯಿತು. ದೊಡ್ಡ ಭೂಮಾಲಿಕರು, ಸೈನ್ಯದ ಅಧಿಕಾರಿಗಳು, ಮತಪೀಠದವರು ಒಂದು ಕಡೆಗೆ. ಕೂಲಿಕಾರರು, ಹೊಲವಿಲ್ಲದ ಒಕ್ಕಲಿಗರು, ಹೊಸ ವಿಚಾರದ ವಿದ್ಯಾವಂತರು ಇನ್ನೊಂದು ಕಡೆಗೆ. ಹೀಗೆ ದೇಶವು ಒಳಗೊಳಗೇ ಬಿರುಕು ಬಿಡುತ್ತ ನಡೆಯಿತು. 1936ನೆಯ ಜುಲೈ ತಿಂಗಳಲ್ಲಿ ಸೇನಾಪತಿಗಳು ಸರಕಾರದ ವಿರುದ್ಧ ದಂಗೆಯೆದ್ದರು. ಅವರ ಮುಂದಾಳಾಗಿ ನಿಂತವನು ಜನರಲ್ ಫ್ರಾಂಕೋ. ಜರ್ಮನಿಯ ಹಿಟ್ಲರನೂ ಇಟಲಿಯ ಮುಸೋಲಿನಿಯೂ ಅವನಿಗೆ ವಿಮಾನಗಳನ್ನೂ ಸೈನ್ಯವನ್ನೂ ಕೊಟ್ಟರು. ಪ್ರಜಾರಾಜ್ಯಕ್ಕೆ ರಶಿಯಾದಿಂದ ಶಸ್ತ್ರಗಳು ಬಂದವು. ಐವತ್ತಕ್ಕೂ ಹೆಚ್ಚು ದೇಶಗಳಿಂದ ಸುಮಾರು 35,000 ಜನ ಸ್ವಯಂಸೇವಕರು ‘ಅಂತರರಾಷ್ಟ್ರೀಯ ದಳ’ಗಳಲ್ಲಿ ಸೇರಿ, ತಮ್ಮದಲ್ಲದ ನಾಡಿಗಾಗಿ ಹೋರಾಡಿದರು. 1939ನೆಯ ಎಪ್ರಿಲ್ 1ಕ್ಕೆ ಯುದ್ಧವು ಫ್ರಾಂಕೋನ ಜಯದಲ್ಲಿ ಮುಗಿಯಿತು. ಸತ್ತವರ ಸಂಖ್ಯೆಯನ್ನು ಸುಮಾರು 5 ಲಕ್ಷವೆಂದು ಎಣಿಸುವದು ವಾಡಿಕೆಯಾಗಿದೆ. ಗೆದ್ದವನು 1975ನೆಯ ನವೆಂಬರ್ 20ಕ್ಕೆ ತೀರಿಕೊಳ್ಳುವವರೆಗೂ ಆ ದೇಶವನ್ನು ಒಬ್ಬನೇ ಆಳಿದನು.

ಹೊರಗಿನ ಶತ್ರುವಿನೊಡನೆ ನಡೆದ ಯುದ್ಧಕ್ಕೂ ಅಂತರ್ಯುದ್ಧಕ್ಕೂ ಒಂದು ಹಿರಿದಾದ ಭೇದವಿದೆ. ಹೊರಗಿನ ಶತ್ರುವು ಸೋತರೆ ಹಡಗು ಹತ್ತಿ ಹೋಗುತ್ತಾನೆ. ಅಂತರ್ಯುದ್ಧದಲ್ಲಿ ಸೋತವನೂ ಗೆದ್ದವನೂ ಮರುದಿನ ಅದೇ ಬಾವಿಯ ನೀರು ಸೇದಬೇಕು. ತಂದೆಯನ್ನು ಕೊಲ್ಲಿಸಿದವನ ಅಂಗಡಿಯಲ್ಲಿಯೇ ಮಗನು ಉಪ್ಪು ಕೊಳ್ಳಬೇಕು. ಆದುದರಿಂದ ಆ ಯುದ್ಧವು ಕಾಗದದ ಮೇಲೆ ಮುಗಿದರೂ ಮನೆಗಳಲ್ಲಿ ಮುಗಿಯುವದಿಲ್ಲ. ಸ್ಪೇನದ ಚಿತ್ರಕಾರರು ಅರ್ಧ ಶತಮಾನದ ಮೇಲೆಯೂ ಮತ್ತೆ ಮತ್ತೆ ಅದೇ ಯುದ್ಧದ ಕಡೆಗೆ ತಿರುಗುತ್ತಿರುವದಕ್ಕೆ ಇದೇ ಕಾರಣವೆಂದು ನಮಗೆ ತೋರುತ್ತದೆ.

ಚಿತ್ರದ ಕತೆ

1938ನೆಯ ಇಸವಿ. ಈಶಾನ್ಯ ಸ್ಪೇನದ ಅರಾಗೋನ್ ಪ್ರಾಂತದ ರಣರಂಗ. ಕಾರ್ಮೆಲಾ, ಅವಳ ಸಂಗಾತಿಯಾದ ಪೌಲಿನೋ, ಗುಸ್ತಾವೇತೆ ಎಂಬ ಮೂಕ ಹುಡುಗ, ಇವರು ಮೂವರೇ ಒಂದು ಕಂಪನಿ. ಒಂದು ಹಳೆಯ ಮೋಟಾರಿನಲ್ಲಿ ಪರದೆ, ವೇಷ, ಬಣ್ಣದ ಡಬ್ಬಿಗಳನ್ನು ಹೇರಿಕೊಂಡು ಇವರು ಪ್ರಜಾರಾಜ್ಯದ ಸಿಪಾಯಿಗಳ ಮುಂದೆ ಆಟವಾಡುತ್ತ ಸಾಗಿರುತ್ತಾರೆ. ಕಾರ್ಮೆಲಾ ಹಾಡಿ ಕುಣಿಯುತ್ತಾಳೆ. ಪೌಲಿನೋ ಕವಿತೆಯನ್ನೂ ಹೇಳುತ್ತಾನೆ, ಹಾಸ್ಯವನ್ನೂ ಮಾಡುತ್ತಾನೆ. ಹುಡುಗನು ಬಾಂಬಿನ ಸ್ಫೋಟದ ಗಾಬರಿಯಲ್ಲಿ ಮಾತು ಕಳೆದುಕೊಂಡವನಾದ್ದರಿಂದ ಕೊರಳಿಗೆ ತೂಗುಹಾಕಿಕೊಂಡ ಪಾಟಿಯ ಮೇಲೆ ಬರೆದು ತನ್ನ ಮನಸ್ಸನ್ನು ತಿಳಿಸುತ್ತಾನೆ. ಆಟದ ನಡುವೆ ಮೇಲೆ ವಿಮಾನಗಳ ಸದ್ದು ಕೇಳಿದಾಗ ಇಡಿಯ ಸಭೆಯು ಉಸಿರು ಹಿಡಿದು ಕೂಡ್ರುತ್ತದೆ. ಸದ್ದು ಸರಿದ ಮೇಲೆ ಹಾಡು ಮತ್ತೆ ಏಳುತ್ತದೆ.

ರಣರಂಗದ ಸಹವಾಸವು ಸಾಕೆಂದು ಅವರು ವಲೆನ್ಸಿಯಾ ಪಟ್ಟಣದ ದಾರಿ ಹಿಡಿಯುತ್ತಾರೆ. ದಟ್ಟವಾದ ಮಂಜಿನಲ್ಲಿ ದಾರಿ ತಪ್ಪುತ್ತದೆ. ಮಂಜು ಹರಿದಾಗ ಅವರು ಶತ್ರುಪಕ್ಷದ ಸಿಪಾಯಿಗಳ ನಡುವೆ ನಿಂತಿರುತ್ತಾರೆ. ಮೋಟಾರಿನಲ್ಲಿ ಪ್ರಜಾರಾಜ್ಯದ ಬಾವುಟವು ಸಿಕ್ಕುತ್ತದೆ. ಅದು ಆಟದ ಸಾಮಾನೆಂದು ಎಷ್ಟು ಹೇಳಿದರೂ ಕೇಳುವವರಾರು? ಅವರನ್ನು ಊರ ಶಾಲೆಗೆ ಒಯ್ಯುತ್ತಾರೆ, ಶಾಲೆಯೇ ಸೆರೆಮನೆಯಾಗಿದೆ. ಮಕ್ಕಳು ಮಗ್ಗಿ ಹೇಳುತ್ತಿದ್ದ ಕೋಣೆಯಿಂದ ಕೈದಿಗಳನ್ನು ಹೊರಗೆ ಕರೆದೊಯ್ದು ಗುಂಡಿಕ್ಕುತ್ತಾರೆ.

ಇವರ ಸರದಿಯೂ ಬಂತೆಂದು ನಾವು ಅಂಜುತ್ತಿರುವಾಗ ಕತೆಯು ಬೇರೆ ದಾರಿ ಹಿಡಿಯುತ್ತದೆ. ಅಲ್ಲಿದ್ದ ಇಟಲಿಯ ಲೆಫ್ಟನಂಟನು ನಾಟಕದ ಹುಚ್ಚಿನವನು. ತನ್ನ ಸೈನ್ಯದ ಮನರಂಜನಕ್ಕಾಗಿ ಒಂದು ಆಟವನ್ನು ಆಡಿಸಲು ಅವನಿಗೆ ಆಟಗಾರರು ಬೇಕು. ಆಡಿದರೆ ಜೀವವುಳಿಯುತ್ತದೆ. ಆದರೆ ಆಡಬೇಕಾದದ್ದು ಪ್ರಜಾರಾಜ್ಯವನ್ನು ಹಾಸ್ಯಮಾಡುವ ಆಟ. ಆ ಹಾಸ್ಯದಲ್ಲಿ ಕಾರ್ಮೆಲೆಯು ಅದೇ ಬಾವುಟವನ್ನು ಉಟ್ಟು ನಗೆಗೀಡಾಗಬೇಕು. ಅದಕ್ಕಿಂತ ಕ್ರೂರವಾದ ಇನ್ನೊಂದು ಏರ್ಪಾಡೂ ಇದೆ. ಅಂತರರಾಷ್ಟ್ರೀಯ ದಳದ ಪೋಲಿಷ್ ಕೈದಿಗಳನ್ನು, ಮರಣಕ್ಕೆ ಗುರಿಯಾದವರನ್ನು, ಕೊಲ್ಲುವ ಮೊದಲು ತಂದು ಈ ಆಟವನ್ನು ನೋಡಲು ಕೂಡ್ರಿಸುವರು.

ಪೌಲಿನೋ ಒಪ್ಪುತ್ತಾನೆ. ಕಾರ್ಮೆಲೆಯೂ ಅವನಿಗಾಗಿ ಒಪ್ಪುತ್ತಾಳೆ. ಆದರೆ ಶಾಲೆಯ ಸೆರೆಯಲ್ಲಿ ಅವಳಿಗೆ ಒಬ್ಬ ಪೋಲಿಷ್ ತರುಣನ ಪರಿಚಯವಾಗಿರುತ್ತದೆ. ಅವನ ಭಾಷೆ ಅವಳಿಗೆ ಬಾರದು, ಅವಳದು ಅವನಿಗೆ ಬಾರದು. ಯಾವ ನಾಡಿಗಾಗಿ ಸಾಯಲು ಬಂದನೋ ಆ ನಾಡಿನ ಹೆಸರನ್ನು ನೆಟ್ಟಗೆ ಉಚ್ಚರಿಸಲು ಕೂಡ ಅವನಿಗೆ ಬರುವದಿಲ್ಲ. ತಾಯಿಯು ತೊದಲುಮಾತಿನ ಕೂಸಿಗೆ ಕಲಿಸುವಂತೆ ಅವಳು ‘ಎಸ್ಪಾನ್ಯಾ’ ಎಂಬ ಶಬ್ದವನ್ನು ಅವನಿಗೆ ಕಲಿಸುತ್ತಾಳೆ. ಇತಿಹಾಸದ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು: ಸ್ಪೇನಿಗೆ ಹೋಗಿ ಹೋರಾಡಿದ ತನ್ನ ಪ್ರಜೆಗಳ ಪೌರತ್ವವನ್ನೇ ಅಂದಿನ ಪೋಲೆಂಡಿನ ಸರಕಾರವು ಕಸಿದುಕೊಂಡಿತ್ತು. ತನ್ನ ದೇಶವು ತನ್ನವನಲ್ಲವೆಂದವನಿಗೆ ಒಬ್ಬ ಹಾಡುವ ಹೆಂಗಸು ತನ್ನ ದೇಶದ ಹೆಸರನ್ನು ದಾನಮಾಡಿದಳು.

ಆಟದ ರಾತ್ರಿ ಬರುತ್ತದೆ. ಮೇಲೆ ದೀಪಗಳು, ಮುಂದೆ ಗೆದ್ದವರ ನಗೆ, ಹಿಂದೆ ಸಾಯಲಿರುವವರ ಮುಖಗಳು. ಬಾವುಟವನ್ನು ಹೊದ್ದು ಹಾಸ್ಯಕ್ಕೀಡಾಗಬೇಕಾದ ಕ್ಷಣದಲ್ಲಿ ಕಾರ್ಮೆಲೆಯ ನಾಲಗೆಯು ತಿರುಗುವದಿಲ್ಲ. ಪೌಲಿನೋ ಹೇಗಾದರೂ ಆಟವನ್ನು ಸಾಗಿಸಲು ಹೆಣಗುತ್ತಾನೆ. ಅವಳು ಕಟ್ಟುಕಟ್ಟಳೆಯನ್ನೆಲ್ಲ ಕಿತ್ತೊಗೆದು, ಮೈಮರೆತು, ಸಭೆಗೆ ಎದುರಾಗಿ ನಿಲ್ಲುತ್ತಾಳೆ. ಕೈದಿಗಳು ಎದ್ದುನಿಂತು ಅವಳ ಹೆಸರಿನ ಹಾಡನ್ನು ಹಾಡುತ್ತಾರೆ. ಸಭೆಯಿಂದ ಒಬ್ಬ ಅಧಿಕಾರಿಯು ಎದ್ದು ಪಿಸ್ತೂಲಿನಿಂದ ಅವಳ ಹಣೆಗೆ ಗುಂಡು ಹಾರಿಸುತ್ತಾನೆ. ಆ ಗಳಿಗೆಯಲ್ಲಿ, ಇಷ್ಟು ದಿನ ಮೂಕನಾಗಿದ್ದ ಹುಡುಗನ ಬಾಯಿಂದ ಮೊದಲ ಮಾತು ಹೊರಡುತ್ತದೆ: ‘ಕಾರ್ಮೆಲಾ!’

ಕೊನೆಯ ನೋಟದಲ್ಲಿ ಪೌಲಿನೋನೂ ಹುಡುಗನೂ ಅವಳ ಗೋರಿಯ ಹತ್ತಿರ ನಿಂತಿದ್ದಾರೆ. ಇನ್ನು ಬೇಡವಾದ ಪಾಟಿಯನ್ನು ಹುಡುಗನು ಹೂಗಳೊಡನೆ ಅವಳ ಗೋರಿಗೆ ಅರ್ಪಿಸುತ್ತಾನೆ. ‘ಬಾ ಪೌಲಿನೋ’ ಎಂದು ಮೆಲ್ಲಗೆ ಕರೆಯುತ್ತಾನೆ. ಹಿರಿಯನು ಮೂಕನಾಗಿದ್ದಾನೆ, ಮೂಕನು ದಾರಿ ತೋರುತ್ತಾನೆ. ಮೋಟಾರು ಮತ್ತೆ ಹೊರಡುತ್ತದೆ.

ಚಿತ್ರವನ್ನು ಮಾಡಿದವರು

ಚಿತ್ರದ ದಿಗ್ದರ್ಶಕನಾದ ಕಾರ್ಲೋಸ್ ಸೌರಾ ಎಂಬವನು 1932ರಲ್ಲಿ ಅದೇ ಅರಾಗೋನ್ ಪ್ರಾಂತದ ಉಯೆಸ್ಕಾ ಪಟ್ಟಣದಲ್ಲಿ ಹುಟ್ಟಿದನು. ಯುದ್ಧವು ಮೊದಲಾದಾಗ ಅವನಿಗೆ ನಾಲ್ಕು ವರುಷ. ಬಾಲ್ಯದಲ್ಲಿ ಕಂಡದ್ದು ಅವನನ್ನು ಕಡೆಯವರೆಗೂ ಬಿಡಲಿಲ್ಲ. ಫ್ರಾಂಕೋ ಬದುಕಿರುವಾಗಲೇ, 1974ರಲ್ಲಿ, ಈ ಯುದ್ಧದ ನೆನಪನ್ನು ಕುರಿತು ‘ಸೋದರಸಂಬಂಧಿ ಆಂಖೇಲಿಕಾ’ ಎಂಬ ಚಿತ್ರವನ್ನು ಮಾಡಿದನು. ಅದಕ್ಕೆ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಬಹುಮಾನವು ದೊರೆಯಿತು. ಸ್ವದೇಶದಲ್ಲಿ ಬಾರ್ಸಿಲೋನಾ ಪಟ್ಟಣದ ಚಿತ್ರಮಂದಿರಕ್ಕೆ ಬೆಂಕಿಯ ಬಾಂಬು ಬಿತ್ತು. 2023ನೆಯ ಫೆಬ್ರುವರಿ 10ಕ್ಕೆ ಸೌರಾ ತೀರಿಕೊಂಡನು.

‘ಆಯ್ ಕಾರ್ಮೆಲಾ’ದ ಮೂಲವು ಹೋಸೇ ಸಾಂಚಿಸ್ ಸಿನಿಸ್ತೇರಾ ಬರೆದು 1987ರಲ್ಲಿ ರಂಗಕ್ಕೆ ಬಂದ ನಾಟಕ. ನಾಟಕದಲ್ಲಿ ಪಾತ್ರಗಳು ಎರಡೇ. ಅದರ ಸ್ಥಳವು ಬೆಲ್ಚಿತೆ ಎಂಬ ಊರು. ಕಾರ್ಮೆಲೆಯು ಸತ್ತಾಗಿದೆ, ಬರಿದಾದ ರಂಗಮಂದಿರದಲ್ಲಿ ಒಬ್ಬನೇ ಕುಳಿತ ಪೌಲಿನೋನ ಬಳಿಗೆ ಅವಳು ಪ್ರೇತರೂಪದಿಂದ ಬಂದು ಮಾತಾಡುತ್ತಾಳೆ. ಈ ಬೆಲ್ಚಿತೆಯು ಕಲ್ಪನೆಯ ಊರಲ್ಲ. 1937ರಲ್ಲಿ ಪ್ರಜಾರಾಜ್ಯದವರ ಕೈಗೂ 1938ನೆಯ ಮಾರ್ಚಿಯಲ್ಲಿ ಮತ್ತೆ ಫ್ರಾಂಕೋನ ಕೈಗೂ ಹೋಗಿ ಅದು ನುಚ್ಚುನೂರಾಯಿತು. ಹಳೆಯ ಊರನ್ನು ಹಾಗೆಯೇ ಹಾಳುಬಿಟ್ಟು ಮಗ್ಗುಲಲ್ಲಿ ಹೊಸ ಊರನ್ನು ಕಟ್ಟಿದ್ದಾರೆ. ಮುರಿದ ಗೋಪುರಗಳು ಇಂದಿಗೂ ನಿಂತಿವೆ.

ಸೌರಾ ಮತ್ತು ಕತೆಗಾರ ರಫಾಯೆಲ್ ಅಸ್ಕೋನಾ ಕೂಡಿ ನಾಟಕವನ್ನು ಚಿತ್ರಕ್ಕೆ ಹೊಂದಿಸುವಾಗ ಪ್ರೇತವನ್ನು ಬಿಟ್ಟರು, ಕತೆಯನ್ನು ಮೊದಲಿನಿಂದ ಹೇಳಿದರು, ಮೂಕ ಹುಡುಗನನ್ನು ಕಣ್ಣಮುಂದೆ ತಂದರು. ಕಾರ್ಮೆಲೆಯಾಗಿ ಕಾರ್ಮೆನ್ ಮೌರಾ, ಪೌಲಿನೋ ಆಗಿ ಆಂದ್ರೇಸ್ ಪಖಾರೇಸ್, ಹುಡುಗನಾಗಿ ಗಾಬಿನೋ ದಿಯೇಗೋ ಅಭಿನಯಿಸಿದ್ದಾರೆ. ಸ್ಪೇನದ ದೊಡ್ಡ ಚಿತ್ರಪ್ರಶಸ್ತಿಯಾದ ‘ಗೋಯಾ’ಗಳಲ್ಲಿ ಹದಿಮೂರು ಈ ಒಂದೇ ಚಿತ್ರಕ್ಕೆ ಬಂದವು. ಚಿತ್ರದ ಹೆಸರಿನ ಹಾಡು ಯಾರೊಬ್ಬರ ರಚನೆಯೂ ಅಲ್ಲ. ಅದರ ಮಟ್ಟು 1808ರಲ್ಲಿ ನೆಪೋಲಿಯನ್ನನ ದಂಡಿನ ವಿರುದ್ಧ ನಡೆದ ಹೋರಾಟದ ಕಾಲದ್ದೆಂದು ಹೇಳುವರು. ಅಂತರ್ಯುದ್ಧದಲ್ಲಿ ಜನರು ಅದಕ್ಕೆ ಹೊಸ ಮಾತುಗಳನ್ನು ಕೂಡಿಸಿಕೊಂಡರು.

ನಮ್ಮ ಮಗ್ಗುಲಿನ ಮಾತು

ಹಳೆಯ ಮಟ್ಟಿಗೆ ಹೊಸ ಹೋರಾಟವನ್ನು ಕೂಡಿಸುವ ಈ ಕಲೆಯು ಬೆಳಗಾವಿ ಜಿಲ್ಲೆಗೆ ಹೊಸದಲ್ಲ. ಸಂಗೊಳ್ಳಿ ರಾಯಣ್ಣನನ್ನು 1831ನೆಯ ಜನೇವರಿ 26ಕ್ಕೆ ನಂದಗಡದಲ್ಲಿ ಗಲ್ಲಿಗೇರಿಸಿದ ಮೇಲೆ ಅವನ ಹೆಸರನ್ನು ಬದುಕಿಸಿದವರು ಯಾರು? ಸರಕಾರದ ದಫ್ತರಿನಲ್ಲಿ ಅವನು ಬಂಡುಗಾರನು. ದಪ್ಪು ತುಂತುಣಿ ಹಿಡಿದು ಜಾತ್ರೆಯಿಂದ ಜಾತ್ರೆಗೆ ತಿರುಗುವ ಲಾವಣಿಕಾರನ ಬಾಯಲ್ಲಿ ಮಾತ್ರ ಅವನು ವೀರನು. ಮೂಡಲಗಿಗೆ ಹತ್ತಿರದ ಮುಧೋಳ ಸೀಮೆಯಲ್ಲಿ, 1857ರಲ್ಲಿ, ಆಯುಧಗಳನ್ನು ಒಪ್ಪಿಸಲೊಲ್ಲದೆ ಮಡಿದ ಹಲಗಲಿಯ ಬೇಡರ ಕತೆಯೂ ಹಾಗೆಯೇ ಉಳಿಯಿತು. ಇಂಗ್ಲಿಷರ ಅಧಿಕಾರಿಯೇ ಆದ ಫ್ಲೀಟ್ ಸಾಹೇಬನು ಈ ಲಾವಣಿಗಳನ್ನು ಕೇಳಿ ಬರೆದುಕೊಂಡು 1885ರಿಂದ ಅಚ್ಚುಹಾಕಿಸಿದನು. ಆಳುವವರ ಕಿವಿಗೂ ಮುಟ್ಟುವಷ್ಟು ಆ ಹಾಡಿಗೆ ಕಸುವಿತ್ತು.

ಯುದ್ಧದ ಚಿತ್ರಪಟಗಳೂ ನಮ್ಮಲ್ಲಿ ಇಲ್ಲದಿಲ್ಲ. 1961ರಲ್ಲಿ ಬಿ. ಆರ್. ಪಂತುಲು ಅವರು ‘ಕಿತ್ತೂರು ಚೆನ್ನಮ್ಮ’ನನ್ನು ತೆರೆಗೆ ತಂದರು, ಬಿ. ಸರೋಜಾದೇವಿಯವರ ಚೆನ್ನಮ್ಮನನ್ನು ನೋಡಿದ ಹಿರಿಯರು ಇಂದಿಗೂ ಅದನ್ನು ನೆನೆಯುತ್ತಾರೆ. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು 1942ರ ಚಳವಳಿಯನ್ನು ಕುರಿತು ಬರೆದ ‘ಮಾಡಿ ಮಡಿದವರು’ ಕಾದಂಬರಿಯು 1974ರಲ್ಲಿ ಕೆ. ಎಂ. ಶಂಕರಪ್ಪನವರ ದಿಗ್ದರ್ಶನದಲ್ಲಿ ಚಿತ್ರವಾಯಿತು. ಕಟ್ಟೀಮನಿಯವರೂ ಆ ಹೋರಾಟದಲ್ಲಿ ಸೆರೆಮನೆ ಕಂಡವರು. ನಮ್ಮ ಈ ಚಿತ್ರಗಳ ಬಗೆಗೆ ನಮಗೆ ಅಭಿಮಾನವಿದೆ, ಇರತಕ್ಕದ್ದೇ.

ಆದರೆ ಒಂದು ಮಾತನ್ನು ಬಿಚ್ಚಿ ಹೇಳಬೇಕು. ನಮ್ಮ ಯುದ್ಧಚಿತ್ರಗಳಲ್ಲಿ ಎದುರಾಳಿಯು ಪರದೇಶದವನು. ನಮ್ಮವನೊಬ್ಬನು ಅವನ ಕಡೆಗೆ ಸೇರಿದ್ದರೆ ಅವನನ್ನು ದ್ರೋಹಿಯೆಂದು ಕರೆದು ಕೈತೊಳೆದುಕೊಳ್ಳುತ್ತೇವೆ. ರಾಯಣ್ಣನನ್ನು ಹಿಡಿದುಕೊಟ್ಟವರು ನಮ್ಮ ನಾಡಿನವರೇ. ಅವರೇಕೆ ಹಾಗೆ ಮಾಡಿದರು, ಅವರ ಮನೆಗಳಲ್ಲಿ ಆ ರಾತ್ರಿ ಏನು ನಡೆಯಿತು, ಮುಂದೆ ಅವರ ಮಕ್ಕಳು ಹೇಗೆ ಬಾಳಿದರು ಎಂಬುದನ್ನು ಕೇಳುವ ಗೋಜಿಗೆ ನಾವು ಹೋಗುವದಿಲ್ಲ. ಸ್ಪೇನದವರಿಗೆ ಈ ಸುಲಭವಾದ ದಾರಿ ಇಲ್ಲ. ಅರ್ಧ ಊರೇ ಆಚೆಗಿರುವಾಗ ಯಾರನ್ನೆಂದು ದ್ರೋಹಿಯೆನ್ನುವದು? ಆದುದರಿಂದ ಅವರ ಚಿತ್ರವು ವೀರನ ಬದಲು ಒಬ್ಬ ಅಂಜುಬುರುಕನನ್ನು ನಡುವೆ ನಿಲ್ಲಿಸಿ, ‘ಇವನ ಜಾಗದಲ್ಲಿ ನೀವಿದ್ದರೆ?’ ಎಂದು ಕೇಳುತ್ತದೆ.

ಪೌಲಿನೋನ ಪಕ್ಷ

ಆ ಪೌಲಿನೋ ಕೆಟ್ಟವನೇ? ಹಾಗೆಂದು ಹೇಳುವ ಎದೆ ನಮಗಿಲ್ಲ. ಅವನಿಗೆ ಕಾರ್ಮೆಲೆಯ ಮೇಲೆ ಪ್ರೀತಿಯಿದೆ. ಅವಳನ್ನು ಬದುಕಿಸಬೇಕೆಂದೇ ಅವನು ಬಾಗುತ್ತಾನೆ. ಅಪ್ಪಣೆ ಕೊಡುವವನ ಕೈಯಲ್ಲಿ ಬಂದೂಕಿದೆ, ಇವನ ಕೈಯಲ್ಲಿ ಬಣ್ಣದ ಡಬ್ಬಿಯಿದೆ. ಸಂಸಾರದ ಹೊರೆ ಹೊತ್ತ ಗೃಹಸ್ಥನು ಮೇಲಿನವರ ಮುಂದೆ ಎಷ್ಟು ಸಲ ನಕ್ಕಿಲ್ಲ, ಬೇಡವಾದ ಮಾತಿಗೆ ಎಷ್ಟು ಸಲ ಹೌದೆಂದಿಲ್ಲ! ಹೊಟ್ಟೆಯು ಕಲಿಸಿದ ವಿದ್ಯೆ ಅದು. ಅದನ್ನು ಬರಿಯ ಹೇಡಿತನವೆಂದು ಜರೆಯುವವರು ಹಸಿವನ್ನೂ ಭಯವನ್ನೂ ಅರಿಯದವರು.

ಹಾಗಾದರೆ ಕಾರ್ಮೆಲೆಯು ಹಟಮಾರಿಯೇ? ಅದೂ ಅಲ್ಲ. ಅವಳಿಗೆ ರಾಜಕಾರಣವು ತಿಳಿಯದು. ಅವಳು ಸಿದ್ಧಾಂತಕ್ಕಾಗಿ ಸತ್ತವಳಲ್ಲ. ತನ್ನಿಂದ ಒಂದು ಶಬ್ದ ಕಲಿತ ಹುಡುಗನು ಸಾಯುವ ಮುನ್ನ ತನ್ನ ಬಾಯಿಂದಲೇ ಅಪಹಾಸ್ಯವನ್ನು ಕೇಳಬೇಕಾಗಿ ಬಂದದ್ದನ್ನು ಅವಳ ಕರುಳು ತಾಳಲಿಲ್ಲ, ಅಷ್ಟೇ. ಅತಿಥಿಗೆ ಉಣಬಡಿಸಿದ ಕೈಯಿಂದಲೇ ಅವನ ಕೆನ್ನೆಗೆ ಹೊಡೆ ಎಂದರೆ ನಮ್ಮ ಮನೆಯ ಹೆಂಗಸರು ಯಾರು ಒಪ್ಪಿಯಾರು? ಚಿತ್ರದ ಹಿರಿಮೆಯು ಇದರಲ್ಲಿದೆ: ಅದು ಪೌಲಿನೋನನ್ನು ಹಳಿಯದೆ ಕಾರ್ಮೆಲೆಯನ್ನು ಮೆರೆಸಿದೆ. ಬದುಕಲಿಕ್ಕೆ ಬಾಗಬೇಕಾಗುತ್ತದೆ, ನಿಜ. ಆದರೆ ಎಲ್ಲಿಯವರೆಗೆ ಬಾಗಬೇಕೆಂಬುದಕ್ಕೆ ಪ್ರತಿಯೊಬ್ಬರೊಳಗೂ ಒಂದು ಗೆರೆಯಿದೆ, ಆ ಗೆರೆ ಎಲ್ಲಿದೆಯೆಂದು ಅದನ್ನು ಮುಟ್ಟುವವರೆಗೆ ನಮಗೇ ತಿಳಿದಿರುವದಿಲ್ಲ.

ಆಟಗಾರರಿಗೆ ಈ ಕಷ್ಟವು ಮಿಕ್ಕವರಿಗಿಂತ ಹೆಚ್ಚು. ಒಕ್ಕಲಿಗನು ಯಾರು ಆಳಿದರೂ ಜೋಳವನ್ನೇ ಬಿತ್ತುತ್ತಾನೆ. ಆಟಗಾರನಿಗೆ ಮಾತ್ರ ಆಳುವವನು ಬದಲಾದೊಡನೆ ಹಾಡು ಬದಲಾಗಬೇಕು. ಸ್ಪೇನದ ಕವಿ ಫೆದೆರಿಕೋ ಗಾರ್ಸಿಯಾ ಲೋರ್ಕಾ ಎಂಬವನು ಯುದ್ಧಕ್ಕೆ ಮೊದಲು, 1932ರಿಂದ, ‘ಲಾ ಬರ್ರಾಕಾ’ ಎಂಬ ವಿದ್ಯಾರ್ಥಿಗಳ ನಾಟಕಮೇಳವನ್ನು ಕಟ್ಟಿಕೊಂಡು, ನಾಟಕವನ್ನೇ ಕಾಣದ ಹಳ್ಳಿಗಳಲ್ಲಿ ಹಳೆಯ ಮಹಾಕವಿಗಳ ನಾಟಕಗಳನ್ನು ಆಡಿಸುತ್ತ ತಿರುಗಿದನು. ಯುದ್ಧವು ಮೊದಲಾದ ತಿಂಗಳೊಪ್ಪತ್ತಿನಲ್ಲಿಯೇ, 1936ನೆಯ ಆಗಸ್ಟದಲ್ಲಿ, ದಂಗೆಯ ಪಕ್ಷದವರು ಅವನನ್ನು ಗುಂಡಿಕ್ಕಿ ಕೊಂದರು. ಕಾರ್ಮೆಲೆಯ ಸಾವು ಕಲ್ಪಿತವಿರಬಹುದು. ಅದರ ಹಿಂದಿನ ನೆತ್ತರು ಕಲ್ಪಿತವಲ್ಲ. ನಮ್ಮಲ್ಲಿಯೂ 1876ರ ನಾಟಕ ಕಾಯಿದೆಯಿಂದ ಇಂಗ್ಲಿಷ್ ಸರಕಾರವು ತನಗೆ ಸಲ್ಲದ ಆಟವನ್ನು ನಿಲ್ಲಿಸುವ ಅಧಿಕಾರವನ್ನು ಕೈಯಲ್ಲಿಟ್ಟುಕೊಂಡಿತ್ತು. ಆ ದಿನಗಳಲ್ಲಿ ನಾಟಕಕಾರರು ಹೇಳಬೇಕಾದುದನ್ನು ಪುರಾಣದ ಮರೆಯಲ್ಲಿ ಹೇಳುವದನ್ನು ಕಲಿತರು.

ದೂರದ ಯುದ್ಧ, ಹತ್ತಿರದ ನಂಟು

ಸ್ಪೇನದ ಯುದ್ಧವು ಹಿಂದುಸ್ಥಾನದ ಮನೆಬಾಗಿಲಿಗೆ ಬರಲಿಲ್ಲವೆಂದು ಯಾರೂ ತಿಳಿಯಬಾರದು. 1938ರಲ್ಲಿ ಪಂಡಿತ ಜವಾಹರಲಾಲ ನೆಹರೂ ಅವರು ಬಾರ್ಸಿಲೋನಾಕ್ಕೆ ಹೋಗಿ, ಬಾಂಬು ಬೀಳುತ್ತಿರುವ ಪಟ್ಟಣದಲ್ಲಿ ಐದು ದಿನವಿದ್ದು ಬಂದರು. ನಾಗಪುರದ ಗೋಪಾಳ ಮುಕುಂದ ಹುದ್ದಾರ ಎಂಬವರು ಅಂತರರಾಷ್ಟ್ರೀಯ ದಳದಲ್ಲಿ ಸೇರಿ ಅದೇ ವರುಷ ಫ್ರಾಂಕೋನ ಕೈದಿಯಾದರು. ಕಾರ್ಮೆಲೆಯ ಚಿತ್ರದಲ್ಲಿ ಕೂತ ಪೋಲಿಷ್ ಕೈದಿಗಳಂತೆ ಒಬ್ಬ ಹಿಂದೀ ಮನುಷ್ಯನೂ ಆ ದೇಶದ ಸೆರೆಯಲ್ಲಿದ್ದನು. ಡಾಕ್ಟರ ಅಟಲ ಎಂಬವರು ಸ್ಪೇನದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ, ಅಲ್ಲಿಂದ ಬಂದು, ಚೀನಕ್ಕೆ ಕಾಂಗ್ರೆಸ್ಸು ಕಳಿಸಿದ ಐದು ಜನ ವೈದ್ಯರ ಮುಖಂಡರಾದರು. ಆ ಐವರಲ್ಲಿ ಒಬ್ಬರು ನಮ್ಮ ನೆರೆಯ ಸೊಲ್ಲಾಪುರದ ಡಾಕ್ಟರ ದ್ವಾರಕಾನಾಥ ಕೋಟಣೀಸ. 1942ರಲ್ಲಿ ಚೀನದಲ್ಲಿಯೇ ಅವರು ಮಡಿದರು. 1946ರಲ್ಲಿ ಶಾಂತಾರಾಮರು ಅವರ ಚರಿತ್ರವನ್ನು ಚಿತ್ರಪಟಮಾಡಿದರು. ಹೀಗೆ ಅರಾಗೋನಿನ ರಣರಂಗದ ಒಂದು ಎಳೆ ಸೊಲ್ಲಾಪುರದವರೆಗೂ ಬಂದು ಮುಟ್ಟುತ್ತದೆ.

ಇನ್ನೊಂದು ನಂಟು ಭಾಷೆಯದು. ಗೆದ್ದ ಮೇಲೆ ಫ್ರಾಂಕೋ ತನ್ನ ದೇಶದ ಕತಲಾನ್, ಬಾಸ್ಕ್ ಮೊದಲಾದ ಭಾಷೆಗಳನ್ನು ಕಚೇರಿ ಶಾಲೆಗಳಿಂದ ಹೊರಗಟ್ಟಿದನು. 1941ರಲ್ಲಿ ಹೊರನಾಡಿನ ಚಿತ್ರಗಳೆಲ್ಲವೂ ಸ್ಪೇನಿಷ್ ಭಾಷೆಯಲ್ಲಿಯೇ ಮಾತಾಡತಕ್ಕದ್ದೆಂದು ಕಟ್ಟಪ್ಪಣೆಯಾಯಿತು. ಭಾಷೆಯನ್ನು ಕೋಲಿನಂತೆ ಹಿಡಿದ ಆ ಆಳಿಕೆಯ ಎದುರಿಗೆ ಕಾರ್ಮೆಲೆಯನ್ನು ನಿಲ್ಲಿಸಿ ನೋಡಿರಿ: ಅವಳು ಪರಭಾಷಿಕನಿಗೆ ತನ್ನ ಒಂದು ಮಾತನ್ನು ನಗುತ್ತ ಕೊಟ್ಟಳು, ಅವನು ತೊದಲುತ್ತ ತೆಗೆದುಕೊಂಡನು. ಒಂದೇ ಓಣಿಯಲ್ಲಿ ಕನ್ನಡವೂ ಮರಾಠಿಯೂ ಕೇಳಿಬರುವ ಹುಕ್ಕೇರಿ ಸೀಮೆಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಶಬ್ದವು ಕಲಿಸಿದರೆ ನಂಟಾಗುತ್ತದೆ, ಹೇರಿದರೆ ಗಾಯವಾಗುತ್ತದೆ.

ಮನೆಯಲ್ಲಿ ನೋಡುವ ಬಗೆ

ಚಿತ್ರಪಟವು ಈಗ ಮನೆಯೊಳಗೇ ಬಂದಿರುವ ಕಾಲ. ಗೋಕಾಕದ ಜಲಪಾತದಲ್ಲಿ 1887ರಷ್ಟು ಹಿಂದೆಯೇ ನೀರಿನಿಂದ ವಿದ್ಯುತ್ತನ್ನು ತೆಗೆದರು. ಹುಕ್ಕೇರಿಯ ಜನರು 1969ರಲ್ಲಿ ವಿದ್ಯುತ್ತಿಗಾಗಿ ತಮ್ಮದೇ ಸಹಕಾರಿ ಸಂಘವನ್ನು ಕಟ್ಟಿಕೊಂಡರು. ಇಂಥ ಸೀಮೆಯ ಮನೆಯ ದೀಪದಲ್ಲಿ ಕುಳಿತು ಸ್ಪೇನದ ಚಿತ್ರವನ್ನು ನೋಡುವದು ಅರಿದಲ್ಲ. ಮಾತು ತಿಳಿಯದಿದ್ದರೂ ಕೆಳಗೆ ಬರುವ ಅಕ್ಷರಗಳ ನೆರವಿನಿಂದ ಕತೆಯು ತಿಳಿಯುತ್ತದೆ. ಆದರೆ ಎಳೆಯ ಮಕ್ಕಳ ಮುಂದೆ ಇದನ್ನು ಹಚ್ಚಬಾರದು. ಸಿಪಾಯಿಗಳ ನಡುವಿನ ಆಟವಾದ್ದರಿಂದ ಹಾಸ್ಯವು ಅಲ್ಲಲ್ಲಿ ಒರಟಾಗಿದೆ. ಕೊನೆಯ ನೋಟಗಳು ಕಠೋರವಾಗಿವೆ. ಬೆಳೆದ ಮಕ್ಕಳೊಡನೆ ಹಿರಿಯರು ಕುಳಿತು ನೋಡಿ, ಮುಗಿದ ಮೇಲೆ ಒಂದು ಗಳಿಗೆ ಮಾತಾಡಿದರೆ ಒಳಿತು. ‘ಪೌಲಿನೋ ಮಾಡಿದ್ದು ಸರಿಯೇ?’ ಎಂದು ಕೇಳಿರಿ. ಒಂದೇ ಮನೆಯಲ್ಲಿ ಎರಡು ಉತ್ತರಗಳು ಬರುವವು. ಬರಲಿ. ಎರಡು ಉತ್ತರಗಳನ್ನು ಒಂದೇ ಪಡಸಾಲೆಯಲ್ಲಿ ಕೂಡ್ರಿಸಿಕೊಂಡು, ಆಮೇಲೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಏಳುವದಾದರೆ ಆ ಮನೆ ಗಟ್ಟಿಯಾಗಿದೆಯೆಂದು ತಿಳಿಯತಕ್ಕದ್ದು.

ಸ್ಪೇನದವರು ಬಹುಕಾಲ ಹಾಗೆ ಕೂಡ್ರಲಾರದವರಾದರು. 1975ರ ನಂತರ, ಹಳೆಯ ಗಾಯವನ್ನು ಕೆದಕುವದು ಬೇಡವೆಂದು ಎರಡೂ ಪಕ್ಷದವರು ಬಾಯಿ ಕಟ್ಟಿಕೊಂಡರು. ಆದರೆ ಮರೆತಂತೆ ಮಾಡಿದ್ದು ಮರೆಯಲಿಲ್ಲ. 2007ರಲ್ಲಿಯೂ ಮತ್ತೆ 2022ರಲ್ಲಿಯೂ ಕಾಯಿದೆಗಳನ್ನು ಮಾಡಿ, ದಾರಿಬದಿಯ ಹೊಂಡಗಳಲ್ಲಿ ಹೂತವರ ಎಲುಬುಗಳನ್ನು ಹುಡುಕಿ ತೆಗೆದು, ಮನೆಯವರ ಕೈಗೆ ಒಪ್ಪಿಸುವ ಕೆಲಸವನ್ನು ಕೈಕೊಳ್ಳಬೇಕಾಯಿತು. ಲೋರ್ಕಾನ ದೇಹವು ಮಾತ್ರ ಇನ್ನೂ ಸಿಕ್ಕಿಲ್ಲ. ಮೂಕ ಹುಡುಗನಿಗೆ ಮಾತು ಬಂದದ್ದು ಕಾರ್ಮೆಲೆಯು ಸತ್ತ ಮೇಲೆ. ಆ ದೇಶಕ್ಕೂ ಮಾತು ಬಂದದ್ದು ಬಹಳ ತಡವಾಗಿ.

ಪಾರಿಜಾತದ ದೂತಿಯು ಹಾಗಲ್ಲ. ಅವಳು ಜಗಳವು ನಡೆದಿರುವಾಗಲೇ ಮಾತಾಡುತ್ತಾಳೆ; ರಾಣಿಗೂ ಹೇಳುತ್ತಾಳೆ, ದೇವರಿಗೂ ಹೇಳುತ್ತಾಳೆ, ನಮ್ಮ ಊರಿನ ಮಾತಿನಲ್ಲಿಯೇ ಹೇಳುತ್ತಾಳೆ, ಯಾರೂ ಅವಳ ನಾಲಗೆಯನ್ನು ಕೀಳುವದಿಲ್ಲ. ಅವಳು ಬಾಯಿಬಿಟ್ಟು ಆಡಬಹುದಾದ್ದರಿಂದಲೇ ಮುಚ್ಚಿದ ಬಾಗಿಲು ಬೆಳಗಾಗುವದರೊಳಗೆ ತೆರೆಯುತ್ತದೆ. ಕುಲಗೋಡ ತಮ್ಮಣ್ಣನ ಆಟವು ಈ ಸೀಮೆಯ ಬಯಲುಗಳಲ್ಲಿ ಮುಂದೆಯೂ ನಡೆಯಲಿ. ಆಡುವವರಿಗೆ ಮಾತಿನ ಸಲಿಗೆಯಿರಲಿ, ನೋಡುವವರಿಗೆ ಕೇಳುವ ತಾಳ್ಮೆಯಿರಲಿ.